ಎರಡು ಗಿಡ್ಡ, ಒಂದು ಉದ್ದ

ಬೊಂಬಾಯಿಯಿಂದ ಲಾರಿ ಹೊರಡಿಸಿದ ಓಬಯ್ಯನಿಗೆ ಶಿವಮೊಗ್ಗದ ತುಂಗಾ ಸೇತುವೆ ದಾಟುವವರೆಗೂ ಸೊಂಟ ನೋಯುತ್ತಿರಲಿಲ್ಲ. ನೋಯಲು ಅದಕ್ಕೆ ಪುರುಸೊತ್ತಾದರೂ ಎಲ್ಲಿತ್ತು? ಖಂಡಾಲದ ಘಾಟಿ, ಕೊಲ್ಲಾಪುರದ ಚೆಕ್‌ಪೋಸ್ಟು, ಹಾವೇರಿ ಕಡೆಯ ಗುಂಡಿಗಳು ಒಂದಾದ ಮೇಲೊಂದು ಎದುರು ನಿಲ್ಲುತ್ತಿದ್ದವು. ಸೇತುವೆ ದಾಟಿದ್ದೇ ತಡ, ಸೊಂಟ, ಮಂಡಿ, ಬಲಗಾಲಿನ ಹಿಮ್ಮಡಿ ಎಲ್ಲವೂ ಮನೆ ಬಂತೆಂದು ಒಟ್ಟಿಗೇ ರಾಗ ತೆಗೆಯುತ್ತಿದ್ದವು. ಮಲವಗೊಪ್ಪ ಕಳೆದು, ನಿದಿಗೆ ಹಿಂದೆ ಬಿದ್ದು, ಮಾಚೇನಹಳ್ಳಿಯ ವರ್ಕ್‌ಶಾಪುಗಳ ವೆಲ್ಡಿಂಗ್ ಕಿಡಿ ಕಣ್ಣಿಗೆ ಬಿದ್ದಾಗ ಅವನ ಕೈ ತಾನಾಗಿ ಹಾರನ್ನಿನ ಕಡೆ ಹೋಗುತ್ತಿತ್ತು. ಎರಡು ಗಿಡ್ಡ, ಒಂದು ಉದ್ದ.

ಆ ಹಾರನ್ನಿನ ಅರ್ಥ ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬ ಓಬಯ್ಯ, ಇನ್ನೊಬ್ಬಳು ಅವನ ಹೆಂಡತಿ ಮಾಸ್ತಮ್ಮ. ಅವರ ಮನೆ ರಸ್ತೆಗೆ ಬೆನ್ನು ಹಾಕಿಕೊಂಡಿತ್ತು, ಬಾಗಿಲು ಆ ಕಡೆಯ ಓಣಿಗಿತ್ತು. ರಸ್ತೆಯಲ್ಲಿ ಹೋಗುವವರಿಗೆ ಕಾಣುತ್ತಿದ್ದುದು ಒಂದು ಹಿಂಗೋಡೆ, ಒಂದು ಹೊಂಗೆ ಮರ, ಮರದ ಬುಡದಲ್ಲಿ ಒಂದು ಹಳೇ ಒರಳುಕಲ್ಲು, ಅಷ್ಟೆ. ಹಾರನ್ ಕಿವಿಗೆ ಬಿದ್ದ ಕೂಡಲೇ ಮಾಸ್ತಮ್ಮ ಕೈಲಿದ್ದ ಕೆಲಸ ಬಿಟ್ಟು ಓಣಿ ಕಡೆಯ ಬಚ್ಚಲಿಗೆ ಓಡಿ ಹಂಡೆ ಒಲೆಗೆ ಬೆಂಕಿ ಹಾಕುತ್ತಿದ್ದಳು. ಗಾಡಿ ಭದ್ರಾವತಿ ಸೇರಿ, ಲೋಡು ಇಳಿದು, ಓಬಯ್ಯ ನ್ಯೂ ಟೌನಿನಲ್ಲಿ ಸಾಹುಕಾರರ ಕೈಗೆ ಬೀಗದ ಕೈ ಕೊಟ್ಟು, ಬಸ್ಸು ಹತ್ತಿ ಬಂದ ದಾರಿಯಲ್ಲೇ ಹಿಂದಿರುಗಿ ಮನೆ ಮುಟ್ಟುವ ಹೊತ್ತಿಗೆ ಹಂಡೆಯ ನೀರು ಮೈ ಸುಡುವಷ್ಟು ಕಾದಿರುತ್ತಿತ್ತು. ಒಳಗೆ ಮುದ್ದೆಗೆ ಎಸರು ಕುದಿಯುತ್ತಿರುತ್ತಿತ್ತು. ಬೆನ್ನಿಗೆ ಆ ನೀರಿನ ಮೊದಲ ತಂಬಿಗೆ ಬಿದ್ದಾಗ ಓಬಯ್ಯ ಕಣ್ಣು ಮುಚ್ಚಿ ಒಂದು ಉಸಿರು ಬಿಡುತ್ತಿದ್ದ. ಇದಕ್ಕಿಂತ ದೊಡ್ಡ ಸುಖವನ್ನು ಅವನು ದೇವರಲ್ಲಿ ಕೇಳಿದವನಲ್ಲ.

ಮನೆಯ ಪಕ್ಕದಲ್ಲೇ ಹಾದು ಹೋಗುವವನು ಗಾಡಿ ನಿಲ್ಲಿಸಿ, ಬಂದೆ ಅಂತ ಒಂದು ಮಾತು ಹೇಳಿ ಹೋಗಬಾರದೇ ಎಂದು ಯಾರಾದರೂ ಕೇಳಬಹುದು. ಹೋಗಬಹುದಿತ್ತು, ಸಾಹುಕಾರ ಷಡಕ್ಷರಪ್ಪನವರು ಬಿಡಬೇಕಲ್ಲ. ಲೋಡು ಇರುವ ಗಾಡಿ ಡ್ರೈವರನ ಮನೆ ಹತ್ತಿರ ನಿಲ್ಲಕೂಡದು ಎಂಬುದು ಅವರ ಕಾನೂನು. ಹಿಂದೆ ಅವರ ಹತ್ತಿರ ಇದ್ದವನೊಬ್ಬ ದಾರಿಯಲ್ಲಿ ಮನೆ ಮುಂದೆ ನಿಲ್ಲಿಸಿ ನಿಲ್ಲಿಸಿಯೇ ಲೋಡಿನ ಸಿಮೆಂಟಿನಲ್ಲಿ ಹೊಸ ಬಚ್ಚಲು ಕಟ್ಟಿಸಿಕೊಂಡಿದ್ದನಂತೆ. ಅಂದಿನಿಂದ ಸಾಹುಕಾರರಿಗೆ ಡ್ರೈವರುಗಳ ಮನೆ ಎಂದರೆ ಗುಮಾನಿ. ಉಳಿದಂತೆ ಅವರು ಒಳ್ಳೆಯವರೇ, ಹಬ್ಬಕ್ಕೆ ಬಟ್ಟೆ ಕೊಡುತ್ತಿದ್ದರು, ಓಬಯ್ಯನ ಮಗಳು ಸಮತಾಳ ಮದುವೆಗೆ ಖುದ್ದಾಗಿ ತರೀಕೆರೆಗೆ ಬಂದು ಉಂಡು ಹೋಗಿದ್ದರು. ಅವರ ಮಾತು ಮೀರಲು ಓಬಯ್ಯನಿಗೆ ಮನಸ್ಸಿರಲಿಲ್ಲ, ಹಾಗಾಗಿ ಹಾರನ್ ಹುಟ್ಟಿತು.

ರಸ್ತೆಯ ಮೇಲಿನ ಬಾಳೂ ಅವನಿಗೆ ಒಗ್ಗಿಹೋಗಿತ್ತು. ಜೊತೆಯ ಡ್ರೈವರು ಭೈರಪ್ಪ ಅವನಿಗಿಂತ ಹಿರಿಯ, ಬಾಯಿ ತುಸು ಜೋರು, ಕೈರುಚಿ ಬಲು ಚೆನ್ನ. ಒಬ್ಬ ಓಡಿಸುವಾಗ ಇನ್ನೊಬ್ಬ ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗುತ್ತಿದ್ದ. ಬೆಳಗಾವಿ ದಾಟಿದ ಮೇಲೆ ಎಲ್ಲಾದರೂ ಪಂಪ್‌ಸೆಟ್ಟಿನ ನೀರು ದಪ್ಪಗೆ ಬೀಳುತ್ತಿರುವುದು ಕಂಡರೆ ಗಾಡಿ ಪಕ್ಕಕ್ಕೆ ಹಾಕಿ, ಹೊಲದವನನ್ನು ಒಂದು ಮಾತು ಕೇಳಿ, ಇಬ್ಬರೂ ಸ್ನಾನ ಮಾಡುತ್ತಿದ್ದರು. ಆಮೇಲೆ ಮರದ ನೆರಳಲ್ಲಿ ಸೀಮೆಎಣ್ಣೆ ಸ್ಟೌ ಹಚ್ಚಿ ಭೈರಪ್ಪ ಅನ್ನಕ್ಕಿಡುತ್ತಿದ್ದ, ಓಬಯ್ಯ ಈರುಳ್ಳಿ ಹೆಚ್ಚುತ್ತಿದ್ದ. ದಾರಿಯಲ್ಲಿ ಹೋಗುವ ಕರ್ನಾಟಕದ ಗಾಡಿಗಳವರು ಕೈ ಬೀಸುತ್ತಿದ್ದರು, ಕೆಲವರು ವಾಸನೆ ಹಿಡಿದು ನಿಲ್ಲಿಸಿಯೇ ಬಿಡುತ್ತಿದ್ದರು. ಟಾರ್ಪಾಲಿನ ಹಗ್ಗ ಬಿಗಿಯಿದೆಯೇ, ಟೈರಿಗೆ ಕಲ್ಲು ಸಿಕ್ಕಿದೆಯೇ ಎಂದು ಒಂದು ಸುತ್ತು ಬಂದು ನೋಡಿ ಮತ್ತೆ ಹೊರಟರೆ, ಮುಂದೆ ರಸ್ತೆ, ಪಕ್ಕದಲ್ಲಿ ಭೈರಪ್ಪನ ಗೊರಕೆ. ಇದರಲ್ಲಿ ಬೇಸರಪಡುವಂಥದ್ದು ಏನಿದೆ ಎಂದು ಓಬಯ್ಯನಿಗೆ ಯಾವತ್ತೂ ಹೊಳೆದಿರಲಿಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಸಂಸಾರಕ್ಕೆ ಆ ವರ್ಷ ದೀಪಾವಳಿ ಕಳೆದ ಮೇಲೆ ಏನೋ ಆಯಿತು.

ಒಂದು ಟ್ರಿಪ್ಪು ಮುಗಿಸಿ ಬಂದು ಉಣ್ಣಲು ಕೂತವನಿಗೆ ಮಾಸ್ತಮ್ಮ, ಹೋದ ಮಂಗಳವಾರ ಈ ಕಡೆ ಬಂದಿದ್ದಿರಾ ಎಂದು ಕೇಳಿದಳು. ಮುದ್ದೆ ಮುರಿಯುತ್ತಿದ್ದ ಓಬಯ್ಯ, ನಾನೆಲ್ಲಿ ಬರಲಿ ಮಾರಾಯ್ತಿ, ಮಂಗಳವಾರ ಬೊಂಬಾಯಿಯಲ್ಲಿ ಲೋಡಿಗೆ ಕಾಯುತ್ತ ಕೂತಿದ್ದೆ ಎಂದ. ಅವಳು ಮತ್ತೇನೂ ಕೇಳಲಿಲ್ಲ. ಸಾರು ಬಡಿಸುವ ಸೌಟು ಒಂದು ಕ್ಷಣ ಅಲ್ಲೇ ನಿಂತಿತೆಂದು ಅವನು ಗಮನಿಸಿದ, ಹಸಿವಿನಲ್ಲಿ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಮುಂದಿನ ಸಲ ಎಂದಿನಂತೆ ಹಾರನ್ ಹೊಡೆದು, ಭದ್ರಾವತಿಗೆ ಹೋಗಿ, ಬಸ್ಸಿನಲ್ಲಿ ಬಂದು ಬಚ್ಚಲಿಗೆ ಕಾಲಿಟ್ಟರೆ ಹಂಡೆ ತಣ್ಣಗಿತ್ತು. ಒಲೆಯಲ್ಲಿ ಬೂದಿಯನ್ನೂ ಬಳಿದು ಗುಡಿಸಿದ್ದಳು. ಮೈ ಹುಷಾರಿಲ್ಲವೇ ಎಂದು ಕೇಳಿದ. ಹುಷಾರಾಗೇ ಇದೀನಿ ಎಂದಳು. ಹಾರನ್ ಕೇಳಿಸಲಿಲ್ಲವೇ ಎಂದ. ಹಾರನ್ನಿಗೇನು, ದಿನಾ ಕೇಳಿಸುತ್ತೆ ಎಂದು ಒಳಗೆ ಹೋದಳು. ಆ ಚಳಿಯಲ್ಲಿ ಓಬಯ್ಯ ತಣ್ಣೀರು ಸುರಿದುಕೊಂಡು ಹಲ್ಲು ಕಟಕಟಿಸುತ್ತ ಬಂದು ಕೂತ. ತಟ್ಟೆಯಲ್ಲಿ ಊಟ ಇತ್ತು, ಬಡಿಸಿದವಳ ಬಾಯಲ್ಲಿ ಮಾತಿರಲಿಲ್ಲ. ಮದುವೆಯಾದಂದಿನಿಂದ ಜಗಳವಾಡಿದ್ದುಂಟು, ಪಾತ್ರೆ ಎಸೆದಿದ್ದೂ ಉಂಟು, ಈ ಥರದ ಮೌನವನ್ನು ಮಾತ್ರ ಅವನು ಕಂಡಿರಲಿಲ್ಲ. ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಆ ಹೆದರಿಕೆಯನ್ನು ಹೊತ್ತುಕೊಂಡೇ ಮತ್ತೆ ಬೊಂಬಾಯಿಗೆ ಹೊರಟ. ಹರಿಹರ ದಾಟುವವರೆಗೆ ಸುಮ್ಮನಿದ್ದವನು ಆಮೇಲೆ ತಡೆಯಲಾರದೆ ಭೈರಪ್ಪನಿಗೆ ಎಲ್ಲವನ್ನೂ ಹೇಳಿದ. ಹಾರನ್ನಿನ ಗುಟ್ಟನ್ನು ಅವನು ಇನ್ನೊಬ್ಬರ ಮುಂದೆ ಬಿಚ್ಚಿದ್ದು ಅದೇ ಮೊದಲು. ಇಷ್ಟು ದಿನ ತಾನು ಸ್ನಾನದ ನೀರಿನ ಹಾರನ್ ಕೇಳಿಕೊಂಡು ಬಂದೆನೇ ಎಂದು ಭೈರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಸುಸ್ತಾದ ಮೇಲೆ ಅವನಿಗೆ ಬುದ್ಧಿ ಬಂತು. ಪಕ್ಕದ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದ. ಬಂಗಾರಮ್ಮ, ಓಣಿಯ ಸುದ್ದಿಯೆಲ್ಲ ಅವಳ ಬಾಯಲ್ಲೇ ಎಂದ ಓಬಯ್ಯ. ಹಾಗಾದರೆ ಮುಗಿಯಿತು, ಲಾರಿ ಡ್ರೈವರಿಗೆ ಊರೂರಲ್ಲೂ ಮನೆ ಅಂತ ಅವಳು ಕಿವಿ ಊದಿರುತ್ತಾಳೆ, ಒಂದು ಸೀರೆ ತಗೊಂಡು ಹೋಗು, ಎಲ್ಲ ಸರಿಯಾಗುತ್ತೆ ಎಂದು ಭೈರಪ್ಪ ತೀರ್ಪು ಕೊಟ್ಟ. ಹೆಂಡತಿಯ ಹತ್ತಿರ ವಾರಕ್ಕೊಮ್ಮೆ ಬೈಸಿಕೊಳ್ಳುವವನ ಸಲಹೆ ಕೇಳಬಾರದು ಎಂಬಷ್ಟು ತಿಳಿವಳಿಕೆ ಓಬಯ್ಯನಿಗೆ ಆ ಹೊತ್ತಿನಲ್ಲಿ ಇರಲಿಲ್ಲ.

ಆ ಟ್ರಿಪ್ಪಿನಲ್ಲಿ ಭೈರಪ್ಪ ಮಾಡಿದ ಕೋಳಿ ಸಾರೂ ಅವನಿಗೆ ರುಚಿಸಲಿಲ್ಲ. ಹಲಗೆಯ ಮೇಲೆ ಮಲಗಿದರೆ ಕಣ್ಣ ಮುಂದೆ ಬೂದಿ ಬಳಿದ ಒಲೆ ಬರುತ್ತಿತ್ತು. ತಾನು ಕುಡಿಯುವವನಲ್ಲ, ಕಂಡಕಂಡಲ್ಲಿ ಹೋಗುವವನಲ್ಲ. ಹಾಗಿದ್ದೂ ಅವಳು ನಂಬದಿದ್ದರೆ ಏನನ್ನು ತೋರಿಸಿ ನಂಬಿಸುವುದು? ತಿಂಗಳಲ್ಲಿ ಮನೆಯಲ್ಲಿರುವುದು ನಾಲ್ಕು ದಿನ, ಉಳಿದ ದಿನಗಳಿಗೆ ಸಾಕ್ಷಿ ರಸ್ತೆ, ರಸ್ತೆ ಬಂದು ಹೇಳುತ್ತದೆಯೇ? ವಾಪಸು ಬರುವಾಗ ಹುಬ್ಬಳ್ಳಿಯಲ್ಲಿ ಗಾಡಿ ನಿಲ್ಲಿಸಿ ಒಂದು ಇಳಕಲ್ ಸೀರೆ ಕೊಂಡ.

ಹಬ್ಬವಿಲ್ಲದೆ ಹುಣ್ಣಿಮೆಯಿಲ್ಲದೆ ಓಬಯ್ಯ ಸೀರೆ ತಂದದ್ದು ಅದೇ ಮೊದಲು. ಮನೆ ಸೇರಿದ ಮಾರನೆಯ ದಿನ ಬೆಳಿಗ್ಗೆ, ರಜೆಯ ದಿನ, ಜಗಲಿಯ ಮೇಲೆ ಕೂತಿದ್ದ ಹೆಂಡತಿಯ ಮುಂದೆ ಅದನ್ನು ಇಟ್ಟ. ಅವಳು ಸೀರೆಯನ್ನು ನೋಡಿದಳು, ಅವನನ್ನು ನೋಡಿದಳು. ಎದ್ದು ಒಳಗೆ ಹೋಗಿ ಒಂದು ಹಳೇ ಡಬ್ಬಿ ತಂದು ಸೀರೆಯ ಮೇಲೆ ಬೋರಲು ಹಾಕಿದಳು. ನಾಣ್ಯಗಳು ಬಿದ್ದವು. ಎಂಟಾಣೆ, ಒಂದು ರೂಪಾಯಿ, ಎರಡು ರೂಪಾಯಿ, ಮಣ್ಣು ಮೆತ್ತಿದವು, ತೊಳೆದವು, ಒಂದು ಬೊಗಸೆಗೆ ಆಗುವಷ್ಟು.

"ಇವೂ ನಿಮ್ಮವೇ. ಸೀರೆ ಜೊತೆ ಅವಳಿಗೇ ಕೊಡಿ" ಎಂದಳು.

"ಯಾವಳಿಗೆ?"

"ನನಗೇನು ಗೊತ್ತು ಯಾವಳಿಗೆ ಅಂತ. ಹಾರನ್ ಹೊಡೀತೀರಿ, ನಾನು ನೀರು ಕಾಯಿಸ್ತೀನಿ, ಮುದ್ದೆಗೆ ಎಸರಿಡ್ತೀನಿ. ಬರೋದಿಲ್ಲ. ಕೇಳಿದ್ರೆ ಬೊಂಬಾಯಲ್ಲಿದ್ದೆ ಅಂತೀರಿ. ಅದಾದ್ರೂ ಸಹಿಸ್ಕೊಂಡೆ. ಹೋಗ್ತಾ ಹೋಗ್ತಾ ಮನೆ ಕಡೆ ಚಿಲ್ಲರೆ ಎಸೆದು ಹೋಗ್ತೀರಲ್ಲ, ನಾನೇನು ಭಿಕ್ಷೆಯೋಳಾ?"

ಅವಳು ಅಳುವವಳಲ್ಲ, ಸೆರಗಿನಿಂದ ಮೂಗು ಒರೆಸಿಕೊಂಡು ಬೇರೆ ಕಡೆ ನೋಡಿದಳು. ಚಿಲ್ಲರೆ ಎಂದರೇನು, ಎಸೆದದ್ದು ಯಾರು, ಓಬಯ್ಯನಿಗೆ ಒಂದೂ ತಿಳಿಯಲಿಲ್ಲ. ತಿಳಿದದ್ದು ಇಷ್ಟೆ, ಹೊಂಗೆ ಮರದ ಬುಡದಲ್ಲಿ ಒಲೆಗೆ ತರಗು ಗುಡಿಸಲು ಹೋದಾಗಲೆಲ್ಲ ಅವಳಿಗೆ ಈ ನಾಣ್ಯಗಳು ಸಿಕ್ಕಿದ್ದವು, ಅದೂ ಹಾರನ್ ಕೇಳಿದ ದಿನವೇ ಸಿಕ್ಕಿದ್ದವು. ಒಂದೊಂದನ್ನು ಹೆಕ್ಕುವಾಗಲೂ ಅವಳಿಗೆ ಏನಾಗಿರಬೇಕೆಂದು ನೆನೆದು ಅವನು ನಾಣ್ಯಗಳ ಮೇಲಿಂದ ಕಣ್ಣು ತೆಗೆದ. ನಾನಲ್ಲ ಕಣೇ ಎಂದ. ತನ್ನ ಕಿವಿಗೇ ಅದು ಕಳ್ಳನ ಮಾತಿನ ಹಾಗೆ ಕೇಳಿಸಿತು.

ಆಗ ರಸ್ತೆಯ ಕಡೆಯಿಂದ ಹಾರನ್ ಕೇಳಿತು. ಎರಡು ಗಿಡ್ಡ, ಒಂದು ಉದ್ದ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮಾಸ್ತಮ್ಮ ಎದುರು ಕೂತಿದ್ದ ಗಂಡನನ್ನು ಒಮ್ಮೆ ಮುಟ್ಟಿ ನೋಡಿದಳೆಂದು ಓಬಯ್ಯ ಆಮೇಲೆ ಎಲ್ಲರಿಗೂ ಹೇಳುತ್ತಿದ್ದ, ಅವಳು ಒಪ್ಪುತ್ತಿರಲಿಲ್ಲ. ಅವನು ಚಪ್ಪಲಿಯನ್ನೂ ಮೆಟ್ಟದೆ ಮನೆಯ ಪಕ್ಕದ ಸಂದಿಯಲ್ಲಿ ನುಗ್ಗಿ ಹಿತ್ತಲಿಗೆ ಓಡಿದ, ಹಿಂದೆಯೇ ಅವಳು ಓಡಿದಳು. ಷಡಕ್ಷರಪ್ಪನವರದೇ ಇನ್ನೊಂದು ಗಾಡಿ ನಿಧಾನವಾಗಿ ಹೋಗುತ್ತಿತ್ತು. ಸ್ಟೇರಿಂಗ್ ಹಿಡಿದಿದ್ದವನು ಆನಂದ. ಅವನು ಒರಳುಕಲ್ಲಿನ ಕಡೆ ತಿರುಗಿ, ಬಲಗೈಯನ್ನು ಎದೆಗೂ ಹಣೆಗೂ ಮುಟ್ಟಿಸಿ, ಕಿಟಕಿಯಿಂದ ಒಂದು ನಾಣ್ಯ ಎಸೆದ. ಅದು ಕಲ್ಲಿಗೆ ಬಡಿದು ಮಾಸ್ತಮ್ಮನ ಕಾಲ ಹತ್ತಿರ ಬಂದು ಬಿತ್ತು. ಭಕ್ತಿಯಲ್ಲಿ ಮುಳುಗಿದ್ದ ಆನಂದ ಇವರಿಬ್ಬರನ್ನು ನೋಡಲೇ ಇಲ್ಲ.

ಆನಂದನೆಂದರೆ ಓಬಯ್ಯನ ಶಿಷ್ಯ. ಭದ್ರಾವತಿಯ ಹುಡುಗ, ಎರಡು ವರ್ಷ ಓಬಯ್ಯನ ಗಾಡಿಯಲ್ಲೇ ಕ್ಲೀನರಾಗಿದ್ದು, ಅವನ ಕೈಕೆಳಗೆ ಗೇರು ಹಾಕುವುದನ್ನು ಕಲಿತು, ದೀಪಾವಳಿಯ ಹೊತ್ತಿಗೆ ಸಾಹುಕಾರರ ಇನ್ನೊಂದು ಗಾಡಿಗೆ ತಾನೇ ಡ್ರೈವರಾಗಿದ್ದ. ದೀಪಾವಳಿ ಎಂದು ನೆನಪಾದದ್ದೇ ಓಬಯ್ಯನಿಗೆ ಎಲ್ಲ ಬಿಡಿಸಿದಂತೆ ಕಂಡಿತು. ಘಾಟಿಗಳಲ್ಲಿ ಚೌಡಮ್ಮನದೋ ಭೂತಪ್ಪನದೋ ಕಲ್ಲು ಕಂಡರೆ ಹಾರನ್ ಹೊಡೆದು, ಕೈ ಮುಗಿದು, ಚಿಲ್ಲರೆ ಎಸೆದು ಮುಂದೆ ಹೋಗಬೇಕೆಂದು ಹುಡುಗನಿಗೆ ಹೇಳಿಕೊಟ್ಟವನು ತಾನೇ. ಎಲ್ಲ ಡ್ರೈವರುಗಳೂ ಮಾಡುವುದು ಅದನ್ನೇ. ಇಲ್ಲಿ ಯಾಕೆ ಉಸ್ತಾದ್ ಹಾರನ್ ಎಂದು ಆನಂದ ಒಮ್ಮೆ ಈ ಜಾಗದಲ್ಲಿ ಕೇಳಿದ್ದ. ಹೆಂಡತಿಗೆ ನೀರು ಕಾಯಿಸಲು ಹೇಳುತ್ತಿದ್ದೇನೆ ಎನ್ನಲು ಓಬಯ್ಯನಿಗೆ ನಾಚಿಕೆ. ಇಲ್ಲಿ ಹೊಡೀಬೇಕು ಕಣೋ, ಹೊಡೆದರೆ ಒಳ್ಳೇದು ಎಂದು ಮುಖ ಆ ಕಡೆ ತಿರುಗಿಸಿದ್ದ. ಹುಡುಗ ನೋಡಿದರೆ ಅಲ್ಲೊಂದು ಮರ, ಮರದ ಬುಡಕ್ಕೊಂದು ಕಲ್ಲು. ಒಡೆದ ಒರಳನ್ನು ಕಾಲಲ್ಲಿ ಒದೆಯಬಾರದೆಂದು ಮಾಸ್ತಮ್ಮ ಅದನ್ನು ಮರದ ಕೆಳಗಿಟ್ಟು ಶುಕ್ರವಾರಕ್ಕೊಮ್ಮೆ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಇನ್ನೇನು ಬೇಕು ದೇವರಿಗೆ?

ಹೀಗೆಂದು ಅವನು ತಡವರಿಸುತ್ತ ಹೇಳಿ ಮುಗಿಸುವ ಮೊದಲೇ ಮಾಸ್ತಮ್ಮ ಹೊಂಗೆ ಮರ ಹಿಡಿದುಕೊಂಡು ನಗಲು ಶುರುಮಾಡಿದ್ದಳು. ನಗುನಗುತ್ತಲೇ ಕಣ್ಣಲ್ಲಿ ನೀರು ಬಂತು. ಆ ದಿನ ಹಂಡೆ ಮತ್ತೆ ಕಾಯಿತು, ಓಬಯ್ಯನ ಬೆನ್ನು ಬೆಂದಿತು, ಇಳಕಲ್ ಸೀರೆ ಪೆಟ್ಟಿಗೆಗೆ ಸೇರಿತು. ಕತೆ ಇಲ್ಲಿಗೇ ಮುಗಿಯಬಹುದಿತ್ತು, ಆದರೆ ಆನಂದ ಒಬ್ಬನೇ ಅಲ್ಲವಲ್ಲ.

ಮರುದಿನ ನ್ಯೂ ಟೌನಿನ ಶೆಡ್ಡಿಗೆ ಹೋದ ಓಬಯ್ಯ, ಶಿಷ್ಯನನ್ನು ಪಕ್ಕಕ್ಕೆ ಕರೆದು, ನಾಚಿಕೆಯನ್ನೆಲ್ಲ ನುಂಗಿಕೊಂಡು ನಿಜ ಹೇಳಿದ. ಅದು ಚೌಡಮ್ಮನಲ್ಲ, ನಿನ್ನ ಅತ್ತಿಗೆ ಮೆಣಸು ಅರೆಯುತ್ತಿದ್ದ ಒರಳು, ಹಾರನ್ ಹೊಡೆಯುತ್ತಿದ್ದದ್ದು ಸ್ನಾನದ ನೀರಿಗೆ ಎಂದ. ಆನಂದ ಗಾಬರಿಯಾಗಲಿಲ್ಲ, ಗಂಭೀರನಾದ. ಸಾಹುಕಾರರ ಬೇರೆ ಡ್ರೈವರುಗಳಿಗೂ ತಾನೇ ಹೇಳಿದ್ದೇನೆ, ಈಗ ಎಲ್ಲ ಗಾಡಿಗಳೂ ಅಲ್ಲಿ ಹಾರನ್ ಹೊಡೆದೇ ಮುಂದೆ ಹೋಗುತ್ತವೆ, ಹಾರನ್ ಚೌಡಮ್ಮ ಎಂದು ಹೆಸರೂ ಬಿದ್ದಿದೆ ಎಂದು ತಿಳಿಸಿದ.

"ಉಸ್ತಾದ್, ಬೇಜಾರು ಮಾಡ್ಕೋಬೇಡಿ. ಅದು ಒರಳೇ ಆಗಿದ್ರೆ, ಖಂಡಾಲದಲ್ಲಿ ನನ್ನ ಗಾಡಿ ಬ್ರೇಕು ಹೋದಾಗ ಮಣ್ಣಿನ ದಿಬ್ಬಕ್ಕೆ ತಂದು ನಿಲ್ಸಿದ್ದು ಯಾರು?"

ಬ್ರೇಕು ಹೋದರೆ ಗೇರು ಇಳಿಸುತ್ತ ಗಾಡಿಯನ್ನು ದಿಬ್ಬಕ್ಕೆ ಹತ್ತಿಸಬೇಕೆಂದು ಕಲಿಸಿದ್ದು ಓಬಯ್ಯನೇ. ಆದರೆ ಹುಡುಗನ ಮುಖದಲ್ಲಿದ್ದ ನಂಬಿಕೆ ನೋಡಿ ಅವನಿಗೆ ಹೇಳಲು ಬಾಯಿ ಬರಲಿಲ್ಲ. ಖಂಡಾಲದ ಇಳಿಜಾರಿನಲ್ಲಿ ಒಬ್ಬನೇ ಇರುವಾಗ ಒಂದು ಕಲ್ಲಿನ ನೆನಪಾದರೂ ಜೊತೆಗಿದ್ದರೆ ಕೆಟ್ಟದ್ದೇನು ಎನಿಸಿತು. ಹೊಡಿ ಬಿಡು ಎಂದು ಬೆನ್ನು ತಟ್ಟಿ ಬಂದ.

ಮನೆಗೆ ಬಂದು ಹೇಳಿದಾಗ ಮಾಸ್ತಮ್ಮ ಮತ್ತೊಮ್ಮೆ ನಕ್ಕಳು. ದೇವರಿಗೆ ಬಂದ ದುಡ್ಡು ಮನೆಗೆ ಬೇಡ ಎಂದು ಆ ನಾಣ್ಯಗಳಲ್ಲಿ ಎಣ್ಣೆ ತರಿಸಿ ಒರಳಿನ ಮುಂದೆ ದೀಪ ಹಚ್ಚುವುದೆಂದು ತೀರ್ಮಾನಿಸಿದಳು. ಓಬಯ್ಯನಿಗೆ ಸಮಾಧಾನವಾಯಿತು. ಇನ್ನು ಮೇಲೆ ಬೇರೆ ಥರ ಹೊಡೀತೀನಿ, ಮೂರು ಉದ್ದ ಅಂತ ಇಟ್ಟುಕೊಳ್ಳೋಣ ಎಂದ. ಅವಳು ಬೇಡವೆಂದಳು. ಮೂರು ಉದ್ದ ಹೊಡೆದರೆ ಅದನ್ನೂ ಕಲಿಯುತ್ತಾರೆ, ಅಮ್ಮನಿಗೆ ಈಗ ಮೂರು ಬೇಕಂತೆ ಎನ್ನುತ್ತಾರೆ ಎಂದಳು. ಹಾಗಾದರೆ ನಾನು ಬಂದೆ ಅಂತ ನಿನಗೆ ಗೊತ್ತಾಗುವುದು ಹೇಗೆ ಎಂದು ಕೇಳಿದ.

ಅವಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು.

"ಇಷ್ಟು ವರ್ಷ ಹಾರನ್ ಕೇಳಿದ ತಕ್ಷಣ ನೀವೇ ಬಂದಂಗೆ ಆಗ್ತಿತ್ತು. ಹಾರನ್ನ ಯಾರು ಬೇಕಾದ್ರೂ ಹೊಡೀಬಹುದು ಅಂತ ನನಗೆ ಹೊಳೆದೇ ಇರ್ಲಿಲ್ಲ. ಇನ್ನು ಮೇಲೆ ಅದು ಕೇಳಿದ್ರೆ ನನಗೇನೂ ಅನ್ಸಲ್ಲ" ಎಂದಳು.

ಕೋಪದಿಂದ ಹೇಳಿದ ಮಾತಲ್ಲ ಅದು. ಅದಕ್ಕೇ ಓಬಯ್ಯನಿಗೆ ಚುರುಕ್ಕೆಂದಿತು. ಜಗಳ ತೀರಿತ್ತು, ಆದರೆ ಏನೋ ಒಂದು ಮನೆಯಿಂದ ಎದ್ದು ಹೋಗಿತ್ತು. ಅದನ್ನು ವಾಪಸು ತರದಿದ್ದರೆ ತಾನು ಬರೀ ನೀರಿಗೂ ಮುದ್ದೆಗೂ ಬಂದು ಹೋಗುವವನಾಗುತ್ತೇನೆ ಎಂದು ಅವನಿಗೆ ಸ್ಪಷ್ಟವಾಗಿ ಅನಿಸಿತು.

ಮುಂದಿನ ಟ್ರಿಪ್ಪು ಸಲೀಸಾಗಿ ಮುಗಿಯಿತು. ಹೋಗುವಾಗ ಕಾಗದದ ಉರುಳೆಗಳು, ಬರುವಾಗ ಯಾವುದೋ ಫ್ಯಾಕ್ಟರಿಯ ಕಬ್ಬಿಣದ ಚೂರು. ನಿಪ್ಪಾಣಿಯ ಹತ್ತಿರ ಪಂಪ್‌ಸೆಟ್ಟಿನ ಸ್ನಾನವಾಯಿತು, ಭೈರಪ್ಪ ಬದನೆಕಾಯಿ ಎಣ್ಣೆಗಾಯಿ ಮಾಡಿದ, ಓಬಯ್ಯ ಕೇಳಿ ಕೇಳಿ ಹಾಕಿಸಿಕೊಂಡು ಉಂಡ. ಹೊನ್ನಾಳಿಯ ಗದ್ದೆಗಳಲ್ಲಿ ಭತ್ತ ಒಕ್ಕಿ ಹುಲ್ಲು ಒಟ್ಟಿದ್ದರು. ಬಿಸಿಲು ಹಿತವಾಗಿತ್ತು. ಶಿವಮೊಗ್ಗ ಹೊಕ್ಕು, ಬಸ್ ಸ್ಟ್ಯಾಂಡಿನ ಗದ್ದಲ ದಾಟಿ, ಸೇತುವೆಯ ಮೇಲೆ ಬಂದಾಗ ಸೊಂಟ ಎಂದಿನ ರಾಗ ತೆಗೆಯಿತು. ಓಬಯ್ಯ ಅದರ ಕಡೆ ಕಿವಿಗೊಡಲಿಲ್ಲ. ದಾರಿಯುದ್ದಕ್ಕೂ ಅವನು ಒಂದೇ ಯೋಚನೆ ಮಾಡುತ್ತ ಬಂದಿದ್ದ.

ಮಾಚೇನಹಳ್ಳಿಯ ವರ್ಕ್‌ಶಾಪುಗಳು ಬಂದವು. ಹೊಂಗೆ ಮರ ಕಂಡಿತು. ಹಾರನ್ನಿಗೆ ಹೋಗಬೇಕಿದ್ದ ಕೈಯನ್ನು ಅವನು ಗೇರಿನ ಮೇಲೆ ಇಟ್ಟ. ಗಾಡಿ ರಸ್ತೆಯಿಂದ ಇಳಿದು, ಮಣ್ಣಿನ ಮೇಲೆ ನರಳುತ್ತ ಹೋಗಿ, ಮರದ ನೆರಳಲ್ಲಿ ನಿಂತಿತು. ಮಲಗಿದ್ದ ಭೈರಪ್ಪ ತಲೆಯೆತ್ತಿ ಪಂಕ್ಚರಾ ಎಂದು ಕೇಳಿದ. ಅಲ್ಲ, ಮನೆ ಎಂದ ಓಬಯ್ಯ. ಲೋಡ್ ಗಾಡಿ, ಷಡಕ್ಷರಪ್ಪನವರಿಗೆ ಗೊತ್ತಾದರೆ ಮಾನ ಹರಾಜು ಹಾಕುತ್ತಾರೆ ಎಂದು ಭೈರಪ್ಪ ಎದ್ದು ಕೂತ. ಎಂಜಿನ್ ಆಫ್ ಮಾಡಬೇಡ, ಈಗ ಬಂದೆ ಎಂದು ಓಬಯ್ಯ ಇಳಿದ.

ಸಂದಿಯಲ್ಲಿ ನಡೆದು ಓಣಿಯ ಕಡೆ ಬಂದರೆ ಮಾಸ್ತಮ್ಮ ಜಗಲಿಯ ಮೇಲೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನೆರಳು ಬಿದ್ದದ್ದು ಕಂಡು ತಲೆಯೆತ್ತಿದಳು. ಹೊಟ್ಟೆಯ ಮೇಲೆ ಗ್ರೀಸಿನ ಕಲೆ, ಕೆದರಿದ ತಲೆ, ಮುಖದ ತುಂಬ ಹೆದ್ದಾರಿಯ ಧೂಳು. ಸ್ನಾನವಿಲ್ಲದ, ಬಸ್ಸಿನಲ್ಲಿ ಮುಖ ಒರೆಸಿಕೊಳ್ಳದ, ಲಾರಿಯಿಂದ ನೇರ ಇಳಿದ ಗಂಡನನ್ನು ಅವಳು ನೋಡಿದ್ದೇ ಕಡಿಮೆ.

"ಬಂದೆ ಕಣೇ" ಎಂದ.

"ಹಾರನ್ ಕೇಳಿಸ್ಲಿಲ್ಲ."

"ಹೊಡೀಲಿಲ್ಲ."

ಅವಳಿಗೆ ಎಂಜಿನ್ನಿನ ಗುಡುಗುಡು ಆಗ ಕಿವಿಗೆ ಬಿತ್ತು. ಲೋಡು ಇದೆಯಾ ಎಂದು ಕೇಳಿದಳು. ಇದೆ ಎಂದ. ಸಾಹುಕಾರರು ಬೈಯುವುದಿಲ್ಲವೇ ಎಂದಳು.

"ಬೈಲಿ. ಪ್ರತಿ ಸಲಾನೂ ನಿಲ್ಲಿಸ್ತೀನಿ, ಪ್ರತಿ ಸಲಾನೂ ಬೈಸ್ಕೋತೀನಿ. ಮನೆ ದಾಟಿ ಮುಂದೆ ಹೋಗಿ, ಆಮೇಲೆ ಮನೆಗೆ ಬರೋದು ನನಗೆ ಸಾಕಾಗಿದೆ."

ಮಾಸ್ತಮ್ಮ ಮೊರವನ್ನು ಪಕ್ಕಕ್ಕಿಟ್ಟಳು. ಸೀರೆಗೆ ಅಂಟಿದ್ದ ತೌಡು ಕೊಡವಿಕೊಂಡಳು. ಒಲೆ ಹೊತ್ತಿಸಲು ಹೊರಟಳೆಂದು ಅವನು ಅಂದುಕೊಂಡ. ಅವಳು ಬಚ್ಚಲ ಕಡೆ ಹೋಗಲಿಲ್ಲ, ಒಳಗೆ ಹೋದಳು. ಅಡುಗೆಮನೆಯ ಕಿಟಕಿ ಮುಚ್ಚಿದ ಸದ್ದಾಯಿತು. ತಲೆ ಬಾಚಿಕೊಂಡು, ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎಲ್ಲಿಗೆ ಎಂದು ಅವನು ಕೇಳಿದ. ಭದ್ರಾವತಿಗೆ, ಲೋಡು ಇಳಿಸಿ ಇಬ್ಬರೂ ಬಸ್ಸಿನಲ್ಲಿ ಬರೋಣ, ನೀರು ಬಂದ ಮೇಲೆ ಕಾಯಿಸಿದರಾಯಿತು ಎಂದಳು. ಅಲ್ಲಿ ಸಾಹುಕಾರರು ಬೈದರೆ ತಾನೂ ಕೇಳಿಸಿಕೊಳ್ಳುತ್ತೇನೆ, ಒಬ್ಬರೇ ಯಾಕೆ ಬೈಸಿಕೊಳ್ಳಬೇಕು ಎಂದೂ ಸೇರಿಸಿದಳು.

ಇಪ್ಪತ್ತೈದು ವರ್ಷ ಲಾರಿಯವನ ಜೊತೆ ಸಂಸಾರ ಮಾಡಿದವಳು ಲಾರಿ ಹತ್ತುವುದು ಅದೇ ಮೊದಲಾಗಿತ್ತು. ಎಲ್ಲಿ ಕಾಲಿಡಬೇಕೆಂದು ಭೈರಪ್ಪ ತೋರಿಸಿಕೊಟ್ಟು, ತಾನು ಹಿಂದಿನ ಹಲಗೆಗೆ ಸರಿದು, ಅಪ್ಪಣೆಯಾದರೆ ಮಲಗುತ್ತೇನೆ ತಾಯಿ ಎಂದು ಕೈ ಮುಗಿದ. ಮಾಸ್ತಮ್ಮ ಸೀಟಿನ ಮೇಲೆ ಕೂತು ಸುತ್ತ ನೋಡಿದಳು. ಸೀಮೆಎಣ್ಣೆ ಸ್ಟೌ, ಮಡಿಚಿಟ್ಟ ಕಂಬಳಿ, ಅವಳೇ ಕಟ್ಟಿಕೊಟ್ಟಿದ್ದ ಉಪ್ಪಿನಕಾಯಿಯ ಡಬ್ಬಿ. ಇಲ್ಲಿಂದ ನೋಡಿದರೆ ಅವರ ಮನೆ ಎಷ್ಟು ಸಣ್ಣದಾಗಿ ಕಾಣುತ್ತದೆ ಎಂದು ಅಚ್ಚರಿಪಟ್ಟಳು. ಓಬಯ್ಯ ಗೇರು ಹಾಕಿದ. ಗಾಡಿ ಮರದ ನೆರಳಿನಿಂದ ಸರಿದು ರಸ್ತೆಗೆ ಏರಿತು. ಅಭ್ಯಾಸ ಎಲ್ಲಿ ಬಿಡುತ್ತದೆ, ಅವನ ಕೈ ಹಾರನ್ನಿಗೆ ಹೋಯಿತು. ಮಾಸ್ತಮ್ಮ ಮುಂದಿನ ರಸ್ತೆಯಿಂದ ಕಣ್ಣು ತೆಗೆಯದೆ ಆ ಕೈಯನ್ನು ಮೆಲ್ಲಗೆ ಹಿಡಿದು ಪಕ್ಕಕ್ಕೆ ಸರಿಸಿದಳು.

"ಯಾರಿಗೆ ಹೊಡೀತೀರಿ? ಮನೇಲಿ ಯಾರೂ ಇಲ್ಲ."